ಗುಂಡಿ ‘ತಪ್ಪಿಸುವುದು’ ತಪ್ಪಾ?

(ಕನ್ನಡ ಪದಗಳ ಬಗ್ಗೆ ಚರ್ಚಿಸುವ ಗುಂಪೊಂದರ ಮಾತುಕತೆ)

ದಾವಣಗೆರೆ ಸದಸ್ಯ: ಸರ್, ನಾನು ಸ್ಕೂಲ್ ವ್ಯಾನ್ ಓಡಿಸುತ್ತೇನೆ. ‘ಗುಂಡಿ ತಪ್ಪಿಸಿ ಅಂಕಲ್’ ಎಂದು ದಿನಾ ಕೂಗುವ ಹುಡುಗಿ ನಿನ್ನೆ ಕೇಳಿದಳು: ‘ತಪ್ಪು ಮಾಡಬಾರದು ಅಂತಾರೆ, ಗುಂಡಿ ತಪ್ಪಿಸಿದ್ರೆ ಮಾತ್ರ ಒಳ್ಳೇದಾ?’ ನನಗೆ ಉತ್ತರ ಹೊಳೆಯಲಿಲ್ಲ.

ನಿಘಂಟುಕಾರರು: ಆ ಮಗುವಿಗೆ ನನ್ನ ಶಭಾಷ್ ಹೇಳಿ. ಹಿಡಿದ ಗೆರೆ ಬಿಟ್ಟು ಆಚೆ ಹೋಗುವುದು, ಸಿಗದೆ ಹೋಗುವುದು, ಇದು ‘ತಪ್ಪು’ವಿನ ತಿರುಳು. ದಾರಿ ತಪ್ಪಿತು, ಗುರಿ ತಪ್ಪಿತು, ಬಸ್ಸು ತಪ್ಪಿತು. ಇಲ್ಲಿ ಯಾರೂ ಪಾಪ ಮಾಡಿಲ್ಲ, ಅಲ್ವಾ? ಸರಿಯಾದ ದಾರಿ ಬಿಟ್ಟು ಹೋದ ನಡತೆಗೂ ಅದೇ ಹೆಸರು ಬಂತು. ‘ಇಸು’ ಸೇರಿಸಿದರೆ ಹಾಗೆ ಆಗುವಂತೆ ಮಾಡುವುದು. ನೀವು ಸ್ಟೀರಿಂಗ್ ಒಂಚೂರು ಎಳೆದು, ಗುಂಡಿ ಚಕ್ರಕ್ಕೆ ಸಿಗದ ಹಾಗೆ ಮಾಡುತ್ತೀರಿ. ‘ಕೊಳ್ಳು’ ಸೇರಿದರೆ ಬಚಾವಾಗುವುದು ನಾವೇ: ತಪ್ಪಿಸಿಕೊಂಡೆ.

ತೆಲುಗಿನಲ್ಲಿ ‘ತಪ್ಪುಕೋ’ ಎಂದರೆ ಪಕ್ಕಕ್ಕೆ ಸರಿ. ತಮಿಳಿನವರು ಪಾರಾದಾಗ ‘ತಪ್ಪಿಚ್ಚೇನ್’ ಎನ್ನುತ್ತಾರೆ. ಎರಡೂ ನುಡಿಯಲ್ಲಿ ‘ತಪ್ಪು’ ಎಂದರೆ ದೋಷವೂ ಹೌದು. ಇದು ದ್ರಾವಿಡ ನುಡಿಗಳ ಮನೆಮಾತು. ಮದುವೆ ಕಾಗದದ ‘ತಪ್ಪದೆ ಬನ್ನಿ’ ಕೂಡ ಇದೇ. ಅವಳಿಗೆ ಅದನ್ನು ತೋರಿಸಿ.

ತುಮಕೂರು ಸದಸ್ಯೆ: ಫಾರ್ವರ್ಡ್ ಬಂದಿದೆ: ‘ತಪ್ಪು ಸಂಸ್ಕೃತದ ತಪದಿಂದ ಬಂತು, ಮನಸ್ಸನ್ನು ಸುಡುತ್ತದೆ.’ ನಾಳೆ ಕ್ಲಾಸಿನಲ್ಲಿ ಹೇಳಲಾ?

ನಿಘಂಟುಕಾರರು: ಖಂಡಿತ ಬೇಡ. ‘ತಪ’ ಎಂದರೆ ಬಿಸಿಯಾಗುವುದು, ಸುಡುವುದು. ಬಸ್ಸು ತಪ್ಪುವುದಕ್ಕೂ ಸುಡುವುದಕ್ಕೂ ಏನು ಸಂಬಂಧ? ಸದ್ದು ಹೋಲಿದ ಮಾತ್ರಕ್ಕೆ ನೆಂಟಸ್ತಿಕೆ ಆಗುವುದಿಲ್ಲ. ನೀವು ಹೇಳಿದ್ದನ್ನು ಮಕ್ಕಳು ಜೀವಮಾನವಿಡೀ ನಂಬುತ್ತಾರೆ ಮೇಡಂ.

ಶಿರಸಿ ಸದಸ್ಯ: ನುಣುಚಿಕೊಳ್ಳುವುದೂ ಇದೇ ಅರ್ಥವಾ?

ನಿಘಂಟುಕಾರರು: ಅಲ್ಲ. ಅದು ನುಣುಪಿನ ‘ನುಣ್’. ಒದ್ದೆ ಸೋಪು ಮುಷ್ಟಿಯಿಂದ ಜಾರಿದ ಹಾಗೆ. ಹಿಡಿದವರ ಕೈಯಿಂದ, ಹೊಣೆಯಿಂದ ನುಣುಚಿಕೊಳ್ಳಬಹುದು. ಗುಂಡಿಯಿಂದ ಆಗದು.

ಬೆಂಗಳೂರು ಸದಸ್ಯ: ಈಗ ಎಲ್ಲರೂ ‘ಅವಾಯ್ಡ್ ಮಾಡು’ ಅಂತಾರೆ. ಇಷ್ಟು ಚರ್ಚೆ ಯಾಕೆ?

ಶಿರಸಿ ಸದಸ್ಯ: ಎಲ್ಲರೂ ಅಲ್ಲ, ನೀವು.

ಬೆಂಗಳೂರು ಸದಸ್ಯ: ಕನ್ನಡ ನಿಮ್ಮೊಬ್ಬರ ಸ್ವತ್ತಲ್ಲ ಸ್ವಾಮಿ.

ಶಿರಸಿ ಸದಸ್ಯ: ಹಾಗಿದ್ದರೆ ನೀವೂ ಸ್ವಲ್ಪ ಬಳಸಿ.

ಹಾಸನ ಸದಸ್ಯೆ: ಬೆಟ್ಟದ ‘ತಪ್ಪಲು’ ಕೂಡ ಇದರಿಂದಲೇ ಬಂದಿದ್ದಾ ಸರ್?

ಗದಗ ಸದಸ್ಯ: ‘ತಪ್ಪು’ ಬಂದಿದ್ದು ತಪಸ್ಸಿನಿಂದ ಅಂತ ಓದಿದ್ದೆ...

ನಿಘಂಟುಕಾರರು: ಅಲ್ಲ. ಮೇಲೆ ಬರೆದಿದ್ದೇನೆ, ಓದಿ.

ಹಾಸನ ಸದಸ್ಯೆ: ಸರ್, ತಪ್ಪಲು?

ಬೆಂಗಳೂರು ಸದಸ್ಯ: ಶಿರಸಿಯವರು ಮೊದಲು ಕ್ಷಮೆ ಕೇಳಲಿ.