ತಿಂಗಳಿಗೆ 12 ಸಾವಿರದ ಪ್ಯಾಕೇಜ್ ತೆಗೆದುಕೊಳ್ಳಲಾ, ಬೇಡ್ವಾ?

ಕ್ಯಾತ್ಸಂದ್ರ ವಾಟರ್ ಫಿಲ್ಟರ್:
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಆರ್‌ಒ ಫಿಲ್ಟರ್ ಸರ್ವಿಸ್ ಮಾಡುತ್ತೇನೆ. ನಾನು, ಒಬ್ಬ ಹುಡುಗ, ಒಂದು ಬೈಕ್. ಅಂಗಡಿ ಇಲ್ಲ, ಮನೆಯೇ ಗೋಡೌನ್. ಬೇಸಿಗೆಯಲ್ಲಿ ಫೋನ್ ಎತ್ತಲೂ ಪುರುಸೊತ್ತು ಇರುವುದಿಲ್ಲ, ಮಳೆ ಶುರುವಾದರೆ ಫೋನೇ ಬರುವುದಿಲ್ಲ. ಈಗ ಒಂದು ಏಜೆನ್ಸಿಯವರು ಹಿಂದೆ ಬಿದ್ದಿದ್ದಾರೆ. ತಿಂಗಳಿಗೆ 12 ಸಾವಿರ. ವಾರಕ್ಕೆ ಎರಡು ರೀಲ್ಸ್, ಫೇಸ್‌ಬುಕ್ ಜಾಹೀರಾತು ನೋಡಿಕೊಳ್ಳುವುದು, ಗೂಗಲ್‌ನಲ್ಲಿ 50 ರಿವ್ಯೂ. ಜಾಹೀರಾತಿನ ದುಡ್ಡು ಬೇರೆ, ಅದು ನನ್ನದೇ. ಮೊದಲ ರೀಲ್ಸ್‌ಗೆ ಅವರ ಐಡಿಯಾ ಏನೆಂದರೆ, ನಲ್ಲಿ ನೀರಿಗೆ ಎರಡು ಕಂಬಿ ಇಳಿಸಿ ಕರೆಂಟ್ ಕೊಡುವ ಟೆಸ್ಟ್. ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಜನ ಬೆಚ್ಚಿಬೀಳುತ್ತಾರೆ, ಶೇರ್ ಮಾಡುತ್ತಾರೆ. ಏನು ಮಾಡಲಿ, ಹೇಳಿ.

ಡಿಜಿಟಲ್ ಹುಡುಗ:
ಅಣ್ಣ, ನಾನೂ ಇದೇ ಕೆಲಸದಲ್ಲಿದ್ದೇನೆ, ಆ ಏಜೆನ್ಸಿಯವನಲ್ಲ. ರೇಟ್ ಸ್ವಲ್ಪ ಜಾಸ್ತಿ ಆಯಿತು. ಆದರೆ ಆ ರೀಲ್ಸ್ ಓಡುತ್ತದೆ, ಗ್ಯಾರಂಟಿ. ಮೊದಲ ಮೂರು ಸೆಕೆಂಡಿನಲ್ಲಿ ಜನ ನಿಲ್ಲಬೇಕು. ಕಂದು ನೀರು ಕಂಡರೆ ಯಾರು ತಾನೇ ನಿಲ್ಲುವುದಿಲ್ಲ?

ಕೆಮಿಸ್ಟ್ರಿ ಮೇಡಂ, ಎಸ್‌ಎಸ್ ಪುರಂ:
ದಯವಿಟ್ಟು ಅದನ್ನು ಮಾಡಬೇಡಿ. ಆ ಕಂದು ಬಣ್ಣ ನೀರಿನ ಕೊಳೆ ಅಲ್ಲ. ಕರೆಂಟ್ ಹರಿದಾಗ ಕಬ್ಬಿಣದ ಕಂಬಿಯೇ ಕರಗಿ ತುಕ್ಕಾಗಿ ಇಳಿಯುತ್ತದೆ. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ಅದು ತಿಳಿಯಾಗಿ ಉಳಿಯುತ್ತದೆ. ಅದೇ ಆರ್‌ಒ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಕಂಬಿ ಇಳಿಸಿ, ಅದೂ ಕಂದಾಗುತ್ತದೆ. ಪಾವಗಡ, ಸಿರಾ ಕಡೆ ಬೋರ್ ನೀರಿನಲ್ಲಿರುವ ಫ್ಲೋರೈಡ್ ನಿಜವಾದ ತೊಂದರೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ. ಅದು ಕಂಬಿಗೂ ಗೊತ್ತಾಗುವುದಿಲ್ಲ, ನೀರಿನಲ್ಲಿ ಕರಗಿದ ಲವಣವನ್ನೆಲ್ಲ ಒಟ್ಟಾಗಿ ತೋರಿಸುವ ಟಿಡಿಎಸ್ ಮೀಟರಿಗೂ ಗೊತ್ತಾಗುವುದಿಲ್ಲ. ಲ್ಯಾಬಿಗೇ ಕೊಡಬೇಕು.

ಗುಬ್ಬಿ ಗೇಟ್ ರಿವೈಂಡಿಂಗ್:
ಮೇಡಂ ಹೇಳಿದ್ದು ಸರಿ. ಇನ್ನೊಂದು ಮಾತು ಸೇರಿಸುತ್ತೇನೆ. ಹೆದರಿ ಫೋನ್ ಮಾಡಿದವನು ನಾಳೆ ಇನ್ನೊಬ್ಬ ಹೆದರಿಸಿದರೆ ಅವನ ಹತ್ತಿರ ಹೋಗುತ್ತಾನೆ. ನಾನು ಪಂಪ್‌ಸೆಟ್ ಮೋಟಾರ್ ಕಟ್ಟುವವನು. ಇವತ್ತಿನವರೆಗೂ ಜಾಹೀರಾತಿಗೆ ಕಾಸು ಬಿಚ್ಚಿಲ್ಲ. ಹಳ್ಳಿಗಳಲ್ಲಿ ಹಾಲಿನ ಡೈರಿ ಎದುರಿನ ಗೋಡೆ, ಮನೆಯವರನ್ನು ಕೇಳಿ ಪೇಂಟಿನಲ್ಲಿ ನಂಬರ್ ಬರೆಸಿದ್ದೇನೆ. ಬೆಳಿಗ್ಗೆ ಸಂಜೆ ಹಾಲು ಹಾಕಲು ಊರಿಗೆ ಊರೇ ಬರುತ್ತದೆ. ಉಳಿದದ್ದೆಲ್ಲ ಬಾಯಿ ಮಾತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಯಾರು ರೀಲ್ಸ್ ಮಾಡಿದ್ದರು?

ಡಿಜಿಟಲ್ ಹುಡುಗ:
ತಟ್ಟೆ ಇಡ್ಲಿ ಹೈವೇ ಪಕ್ಕದಲ್ಲಿದೆ ಅಣ್ಣ. ಬೆಂಗಳೂರಿಗೆ ಹೋಗುವವರೆಲ್ಲ ತಾವಾಗಿ ನಿಲ್ಲುತ್ತಾರೆ. ಫಿಲ್ಟರ್ ಸರ್ವಿಸ್‌ನವರು ಯಾವ ಹೈವೇಯಲ್ಲಿ ನಿಲ್ಲಬೇಕು? ಮತ್ತೆ, ಬೋರಿನಿಂದ ಮೋಟಾರ್ ಎತ್ತುವ ಹುಡುಗರಿಗೆ ನೀವು ಕಮಿಷನ್ ಕೊಡುವುದಿಲ್ಲವೇ? ಅದು ಜಾಹೀರಾತಲ್ಲದೆ ಏನು?

ಬರೀ ಕಸ್ಟಮರ್:
ಹಹಹ, ಸಿಕ್ಕಿಬಿದ್ದರು. ಆ ಕಮಿಷನ್ ಕೊನೆಗೆ ರೈತನ ಬಿಲ್ಲಿಗೇ ಬೀಳುತ್ತದೆ, ಅಲ್ವಾ?

ಗುಬ್ಬಿ ಗೇಟ್ ರಿವೈಂಡಿಂಗ್:
ಬೀಳುತ್ತದೆ. ಮುಚ್ಚಿಡುವುದೇನು? ಫೇಸ್‌ಬುಕ್‌ಗೆ ಕೊಡುವ ದುಡ್ಡು, ಅದರ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ಯಾರ ಬಿಲ್ಲಿಗೆ ಬೀಳುತ್ತದೆ ಸ್ವಾಮಿ? ನನ್ನ ಕಮಿಷನ್ ನಮ್ಮೂರ ಹುಡುಗನ ಜೇಬಿಗೆ ಹೋಗುತ್ತದೆ. ಮೋಟಾರ್ ಮತ್ತೆ ಸುಟ್ಟರೆ ರೈತ ಮೊದಲು ಬೈಯುವುದು ಅವನನ್ನೇ. ಹಾಗಾಗಿ ಕೆಟ್ಟ ಕೆಲಸ ಮಾಡುವವನ ಹತ್ತಿರ ಅವನು ಕಳಿಸುವುದಿಲ್ಲ. ಫೇಸ್‌ಬುಕ್‌ಗೆ ಯಾರು ಬೈಯುತ್ತಾರೆ?

ಪಾರ್ಲರ್ ಅಕ್ಕ, ಬಟವಾಡಿ:
ಜಗಳ ಆಮೇಲೆ ಆಡಿ. ಆ 50 ರಿವ್ಯೂ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಫೈವ್ ಸ್ಟಾರ್ ಕೊಟ್ಟವರಿಗೆ ಐಬ್ರೋದಲ್ಲಿ ಸ್ವಲ್ಪ ಕಡಿಮೆ ಮಾಡುತ್ತೇನೆ. ಅದು ನಡೆಯುತ್ತದೆ. ದುಡ್ಡು ಕೊಟ್ಟು ಕೊಳ್ಳುವುದು ಬೇಡ.

ಡಿಜಿಟಲ್ ಹುಡುಗ:
ಅಕ್ಕ, ಎರಡೂ ನಡೆಯುವುದಿಲ್ಲ. ರಿವ್ಯೂಗೆ ಬದಲಾಗಿ ಡಿಸ್ಕೌಂಟ್, ಗಿಫ್ಟ್ ಏನೂ ಕೊಡಬಾರದು ಎಂದು ಗೂಗಲ್ ನಿಯಮವೇ ಇದೆ. ಸಿಕ್ಕಿದರೆ ರಿವ್ಯೂ ಅಳಿಸುತ್ತಾರೆ. ಗೂಗಲ್ ಪ್ರೊಫೈಲ್ ಹೆಸರಿನಲ್ಲಿ ‘ಬೆಸ್ಟ್ ಪಾರ್ಲರ್ ಇನ್ ತುಮಕೂರು’ ಎಂದು ಸೇರಿಸುವುದೂ ತಪ್ಪು, ಬೋರ್ಡಿನಲ್ಲಿ ಇರುವ ಹೆಸರೇ ಅಲ್ಲಿಯೂ ಇರಬೇಕು. ಇಲ್ಲದಿದ್ದರೆ ಪ್ರೊಫೈಲನ್ನೇ ಸಸ್ಪೆಂಡ್ ಮಾಡಬಹುದು. ರಿವ್ಯೂ ಬರೆಯಿರಿ ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ. ಕೆಲಸ ಮುಗಿದ ಕೂಡಲೇ ಲಿಂಕ್ ಕಳಿಸಿ, ಅಷ್ಟೇ.

ಪಾರ್ಲರ್ ಅಕ್ಕ, ಬಟವಾಡಿ:
ನಮ್ಮ ರೋಡಿನಲ್ಲಿ ಎಲ್ಲರೂ ಕೊಡುತ್ತಾರೆ. ನಾನೊಬ್ಬಳು ನಿಲ್ಲಿಸಿದರೆ ನಾನೇ ಕೆಳಗೆ ಹೋಗುವುದು. ನಿಲ್ಲಿಸುವುದಿಲ್ಲ.

ಜಾತ್ರೆ ಫ್ಲೆಕ್ಸ್:
ಇಷ್ಟೆಲ್ಲ ಯಾಕೆ? ಸಿದ್ಧಗಂಗಾ ಜಾತ್ರೆಗೆ ನಾಲ್ಕು ಫ್ಲೆಕ್ಸ್ ಕಟ್ಟಿಸಿ, ಶಿವರಾತ್ರಿ ಶುಭಾಶಯ ಹಾಕಿ, ಕೆಳಗೆ ನಂಬರ್. ಲಕ್ಷ ಜನ ನೋಡುತ್ತಾರೆ.

ಬರೀ ಕಸ್ಟಮರ್:
ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದ ಕರ್ನಾಟಕದಲ್ಲಿ ನಿಷೇಧ ಗುರು. ಎಲ್ಲರೂ ಕಟ್ಟುತ್ತಾರೆ, ಅದು ಬೇರೆ ಮಾತು. ಅಲ್ಲದೆ ಶಿವರಾತ್ರಿ ಎಂದರೆ ಬೇಸಿಗೆ ಬಾಗಿಲಲ್ಲಿ. ಈ ಅಣ್ಣನಿಗೆ ಆಗಲೇ ಫೋನ್ ಎತ್ತಲು ಪುರುಸೊತ್ತಿಲ್ಲ.

ಕ್ಯಾತ್ಸಂದ್ರ ವಾಟರ್ ಫಿಲ್ಟರ್:
ಅದೇ ನನ್ನ ತೊಂದರೆ. ಏಪ್ರಿಲ್‌ನಲ್ಲಿ ಬರುವ ಫೋನ್‌ಗಳನ್ನೇ ಮುಗಿಸಲು ಆಗುವುದಿಲ್ಲ. ಹೊಸಬರು ಬಂದರೆ ಹಳಬರ ಮನೆಗೆ ಲೇಟ್.

ಬರೀ ಕಸ್ಟಮರ್:
ಹಾಗಾದರೆ ನನ್ನ ಕಡೆಯಿಂದ ಕೇಳಿ. ನಮ್ಮ ಮನೆ ಫಿಲ್ಟರ್ ಕೆಟ್ಟಾಗ ನಾನು ರೀಲ್ಸ್ ಹುಡುಕುವುದಿಲ್ಲ. ಹಿಂದೆ ಬಂದವರ ನಂಬರ್ ಹುಡುಕುತ್ತೇನೆ, ಅದು ಸಿಗುವುದಿಲ್ಲ. ಬಿಲ್ ಎಲ್ಲೋ, ಕಾರ್ಡ್ ಎಲ್ಲೋ. ಒಬ್ಬರು ಮಾತ್ರ ಮೆಷಿನ್ ಮೇಲೇ ಸ್ಟಿಕ್ಕರ್ ಅಂಟಿಸಿದ್ದರು, ನಲ್ಲಿಯ ಕೆಳಗೆ. ನೀರು ಬಿದ್ದು ಬಿದ್ದು ಕೊನೆಯ ಎರಡು ಅಂಕಿ ಅಳಿಸಿಹೋಯಿತು! ಪಕ್ಕದ ಮೈಯಲ್ಲಿ, ಮೇಲ್ಗಡೆ ಅಂಟಿಸಿ. ನಂಬರ್ ದಪ್ಪಗಿರಲಿ, ನಮ್ಮಮ್ಮ ಕನ್ನಡಕ ಇಲ್ಲದೆ ಓದುವಷ್ಟು. ಮುಂದಿನ ಸರ್ವಿಸ್ ಯಾವ ತಿಂಗಳು ಎಂದು ಮಾರ್ಕರ್ ಪೆನ್ನಿನಲ್ಲಿ ಕೈಯಿಂದ ಬರೆಯಿರಿ. ಬಾಲ್ ಪೆನ್ ಅಡುಗೆಮನೆ ಜಿಡ್ಡಿಗೆ ಉಳಿಯುವುದಿಲ್ಲ.

ಕೆಮಿಸ್ಟ್ರಿ ಮೇಡಂ, ಎಸ್‌ಎಸ್ ಪುರಂ:
ಅದರಲ್ಲೇ ಟಿಡಿಎಸ್ ರೀಡಿಂಗ್ ಕೂಡ ಬರೆಯಿರಿ, ಒಳಗೆ ಬರುವ ನೀರಿನದು, ಹೊರಗೆ ಬರುವ ನೀರಿನದು. ಮುಂದಿನ ಸಲ ಮೆಂಬ್ರೇನ್, ಅಂದರೆ ಆರ್‌ಒ ಒಳಗಿನ ಸೋಸುವ ಪೊರೆ, ಹೋಗಿದೆಯೋ ಇಲ್ಲವೋ ಮನೆಯವರಿಗೇ ಕಾಣುತ್ತದೆ. ಬರೀ ಹೇಮಾವತಿ ನೀರು ಬರುವ ಮನೆಯಲ್ಲಿ ರೀಡಿಂಗ್ ಕಡಿಮೆ ಇದ್ದರೆ ‘ನಿಮಗೆ ಆರ್‌ಒ ಬೇಡ, ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಫಿಲ್ಟರ್ ಸಾಕು’ ಎಂದು ಹೇಳಿಬಿಡಿ. ಕುಡಿಯುವ ನೀರಿಗೆ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಸಾಕು ಎನ್ನುತ್ತದೆ ಭಾರತೀಯ ಮಾನಕ ಸಂಸ್ಥೆ ಬಿಐಎಸ್. ಅದಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಿ ಎಂದು 2019ರಲ್ಲಿ ಹಸಿರು ನ್ಯಾಯಮಂಡಳಿಯೇ ಕೇಂದ್ರ ಸರ್ಕಾರಕ್ಕೆ ಹೇಳಿತ್ತು.

ಡಿಜಿಟಲ್ ಹುಡುಗ:
ಮೇಡಂ, ಮೆಷಿನ್ ಮಾರುವುದನ್ನು ಬಿಟ್ಟು ಬೇಡ ಎಂದರೆ ಅಣ್ಣನ ಹೊಟ್ಟೆ ಹೇಗೆ ತುಂಬುತ್ತದೆ?

ಬರೀ ಕಸ್ಟಮರ್:
ನಮ್ಮ ಬೀದಿಯಲ್ಲಿ ಹಾಗೆ ಹೇಳಿದವರೊಬ್ಬರು ಇದ್ದಾರೆ. ಈಗ ಬೀದಿಯ ಮಿಕ್ಸಿ, ಗೀಸರ್ ಎಲ್ಲ ರಿಪೇರಿಗೂ ಅವರನ್ನೇ ಕರೆಯುತ್ತಾರೆ. ಅವರು ಬೇಡ ಎಂದರೂ ಬಿಡುವುದಿಲ್ಲ.

ಗುಬ್ಬಿ ಗೇಟ್ ರಿವೈಂಡಿಂಗ್:
ತಮ್ಮಾ, ನಿನ್ನ ಹಳೇ ಬಿಲ್ ಬುಕ್ ಇದೆಯಾ? ಅದರಲ್ಲೇ ದುಡ್ಡಿದೆ. ಮಣ್ಣು, ಮರಳು ತಡೆಯುವ ಸೆಡಿಮೆಂಟ್ ಫಿಲ್ಟರ್ ಆರು ತಿಂಗಳೊಳಗೆ ಬದಲಾಗಬೇಕು. ಏಪ್ರಿಲ್‌ನಲ್ಲಿ ಹಾಕಿದ ಮನೆಗಳಿಗೆಲ್ಲ ಮಳೆಗಾಲ ಮುಗಿಯುವ ಮೊದಲೇ ಟೈಮ್ ಆಗಿರುತ್ತದೆ. ಅವರು ಮರೆತಿರುತ್ತಾರೆ, ನೀನೂ ಮರೆತಿರುತ್ತೀಯ. ಕೈ ಖಾಲಿ ಇರುವಾಗ ಕುಳಿತು ಒಬ್ಬೊಬ್ಬರಿಗೇ ಫೋನ್ ಮಾಡು.

ಡಿಜಿಟಲ್ ಹುಡುಗ:
ಇದಕ್ಕೆ ನಾನೂ ಒಪ್ಪುತ್ತೇನೆ. ವಾಟ್ಸ್ಯಾಪ್ ಬಿಸಿನೆಸ್ ಆಪ್ ಹಾಕಿಕೊಳ್ಳಿ, ಪುಕ್ಕಟೆ. ಯಾವ ತಿಂಗಳಿಗೆ ಯಾರ ಸರ್ವಿಸ್ ಎಂದು ಲೇಬಲ್ ಹಾಕಬಹುದು. ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರವರೆಗೆ ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ. ಅದಕ್ಕೇ ಬಿಲ್ ಕೊಡುವಾಗಲೇ ಅವರ ಫೋನಿನಲ್ಲಿ ಸೇವ್ ಮಾಡಿಸಿ. ಅಪಾರ್ಟ್‌ಮೆಂಟ್ ನಂಬರ್‌ಗಳ ಲಿಸ್ಟ್ ಮಾರುವವರು ಬರುತ್ತಾರೆ, ಕೊಳ್ಳಬೇಡಿ. ಹತ್ತು ಜನ ಸ್ಪ್ಯಾಮ್ ಎಂದು ರಿಪೋರ್ಟ್ ಮಾಡಿದರೆ ನಂಬರ್ ಬ್ಯಾನ್ ಆದರೂ ಆಯಿತು. ಆಗ ನಿಮ್ಮ ಸ್ಟಿಕ್ಕರ್ ಎಲ್ಲ ದಂಡ.

ಆದರೂ ಒಂದು ಹೇಳುತ್ತೇನೆ. ಊರಿಗೆ ಹೊಸದಾಗಿ ಬಾಡಿಗೆಗೆ ಬರುವವರಿಗೆ ನಿಮ್ಮ ಬಿಲ್ ಬುಕ್ಕೂ ಗೊತ್ತಿಲ್ಲ, ಡೈರಿ ಗೋಡೆಯೂ ಗೊತ್ತಿಲ್ಲ. ಅವರು ಗೂಗಲ್‌ನಲ್ಲೇ ಹುಡುಕುವುದು. ಪ್ರೊಫೈಲ್ ಇರಲೇಬೇಕು, ಅದಕ್ಕೆ ದುಡ್ಡಿಲ್ಲ. ಅಂಗಡಿ ಇಲ್ಲದವರು ಮನೆ ವಿಳಾಸ ಮುಚ್ಚಿಟ್ಟು ಹೋಗುವ ಏರಿಯಾಗಳನ್ನಷ್ಟೇ ತೋರಿಸಬಹುದು, 20ರವರೆಗೆ. ಜಾಹೀರಾತು ಬೇಕೇಬೇಕು ಎನಿಸಿದರೆ ಜುಲೈ, ಆಗಸ್ಟ್‌ನಲ್ಲಿ ಮಾತ್ರ ಹಾಕಿ, ಬೇಸಿಗೆಯಲ್ಲಿ ಬೇಡ.

ಕ್ಯಾತ್ಸಂದ್ರ ವಾಟರ್ ಫಿಲ್ಟರ್:
ಎಲ್ಲರಿಗೂ ಥ್ಯಾಂಕ್ಸ್. ಪ್ಯಾಕೇಜ್ ಬೇಡ ಎಂದು ಹೇಳಿಬಿಟ್ಟೆ. ಕಂಬಿ ಟೆಸ್ಟ್ ರೀಲ್ಸ್ ಮಾಡುತ್ತೇನೆ, ಆದರೆ ಮೇಡಂ ಹೇಳಿದ ಹಾಗೆ ಕೊನೆಗೆ ಆರ್‌ಒ ನೀರಿಗೂ ಉಪ್ಪು ಹಾಕಿ ತೋರಿಸುತ್ತೇನೆ. ಆಮೇಲೆ ಆ ಟೆಸ್ಟ್ ತೋರಿಸಿ ಮಾರುವವರೆಲ್ಲ ನನ್ನ ಮೇಲೆ ಬೀಳುತ್ತಾರೋ ಏನೋ. ರಿವೈಂಡಿಂಗ್ ಅಣ್ಣ, ನಿಮ್ಮ ಹಾಗೆ ನಾನೂ ಪ್ಲಂಬರ್‌ಗಳಿಗೆ ಕಮಿಷನ್ ಕೊಡುವ ವಿಷಯಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಡಿಜಿಟಲ್ ತಮ್ಮಾ, ಗೂಗಲ್ ಪ್ರೊಫೈಲ್ ಒಂದು ಸಲ ಮಾಡಿಕೊಟ್ಟು ಹೋಗಲು ಎಷ್ಟು?

ಗುಬ್ಬಿ ಗೇಟ್ ರಿವೈಂಡಿಂಗ್:
ಬೇಜಾರೇನಿಲ್ಲ. ಒಂದು ಮಳೆಗಾಲ ಕಳೆಯಲಿ, ಆಮೇಲೆ ಮಾತಾಡೋಣ.

ಡಿಜಿಟಲ್ ಹುಡುಗ:
ಮನೆಗೆ ಬಂದು ಮಾಡಿಕೊಡುತ್ತೇನೆ ಅಣ್ಣ, ನಮ್ಮ ಮನೆ ಫಿಲ್ಟರ್ ಒಂದು ಸಲ ನೋಡಿ, ಲೆಕ್ಕ ಚುಕ್ತಾ. ವೆರಿಫಿಕೇಶನ್‌ಗೆ ವಿಡಿಯೋ ಕೇಳಬಹುದು. ಅಂಗಡಿ ಇಲ್ಲದಿರುವುದರಿಂದ ಟೂಲ್ಸ್, ಬೈಕ್, ಬಿಲ್ ಬುಕ್ ಎಲ್ಲ ತೋರಿಸಬೇಕು.

ಕ್ಯಾತ್ಸಂದ್ರ ವಾಟರ್ ಫಿಲ್ಟರ್:
ಭಾನುವಾರ ಬಾ. ಬೈಕ್ ತೊಳೆದಿಟ್ಟಿರುತ್ತೇನೆ.