ಭುಜದ ಕೀಲು ಬದಲಿಸಿದ ಮೇಲೆ ಮತ್ತೆ ಟ್ರ್ಯಾಕ್‌ಗೆ: ಫಿಸಿಯೋ ಅವರನ್ನು ಕೇಳಿ

ಅಡ್ಮಿನ್: ನಮ್ಮ ಕಾರ್ ರೇಸಿಂಗ್ ಗುಂಪಿನಲ್ಲಿ ಐವತ್ತು ದಾಟಿದವರೇ ಜಾಸ್ತಿ. ಭುಜದ ಆಪರೇಷನ್ ಬಗ್ಗೆ ದಿನಾ ಯಾರಾದರೂ ಕೇಳುತ್ತಿರುತ್ತಾರೆ. ಅದಕ್ಕೆ ಇವತ್ತು ಒಬ್ಬ ಫಿಸಿಯೋಥೆರಪಿಸ್ಟ್ ಅವರನ್ನು ಕರೆದಿದ್ದೇನೆ. ಭುಜದ ಕೀಲು ಬದಲಿಸಿದವರನ್ನೇ ಹೆಚ್ಚು ನೋಡುತ್ತಾರೆ, ಹಿಂದೆ ಆಟೋಕ್ರಾಸ್ ರೇಸ್ ಓಡಿಸಿದವರು ಕೂಡ. ಪ್ರಶ್ನೆ ಇಲ್ಲೇ ಕೆಳಗೆ ಹಾಕಿ.

ಫಿಸಿಯೋ: ನಮಸ್ಕಾರ. ಪ್ರಶ್ನೆ ಕೇಳುವಾಗ ಮೂರು ವಿಷಯ ಬರೆಯಿರಿ: ಯಾವ ಭುಜ, ಯಾವ ಬಗೆಯ ಆಪರೇಷನ್, ಎಷ್ಟು ವಾರ ಆಯಿತು. ಮಾಮೂಲಿ ಬಗೆಯಲ್ಲಿ ಚೆಂಡು ತೋಳಿನ ಮೂಳೆಯಲ್ಲಿ, ಬಟ್ಟಲು ರೆಕ್ಕೆ ಮೂಳೆಯಲ್ಲಿ ಇರುತ್ತದೆ, ಹುಟ್ಟಿನಿಂದ ಇದ್ದ ಹಾಗೆ. ರಿವರ್ಸ್ ಬಗೆಯಲ್ಲಿ ಅದು ತಿರುವುಮುರುವು. ಎರಡಕ್ಕೂ ಬೇರೆ ಬೇರೆ ಜಾಗ್ರತೆ. ನಿಮ್ಮ ಸರ್ಜನ್ ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ವ್ಯತ್ಯಾಸ ಬಂದರೆ ಸರ್ಜನ್ ಮಾತು ಕೇಳಿ, ಒಳಗೆ ಏನು ಹೊಲಿದಿದ್ದಾರೆ ಅನ್ನುವುದು ಅವರಿಗೇ ಗೊತ್ತು.

ಹಳೇ ಎಸ್ಟೀಮ್, ಮೈಸೂರು: ಮೇಡಂ ನಮಸ್ಕಾರ. ಎಡ ಭುಜ, ಮಾಮೂಲಿ ಬಗೆ, 5 ವಾರ. ನೋವು ಬಹಳ ಕಮ್ಮಿಯಾಗಿದೆ, ಮನೆಯಲ್ಲಿ ಸ್ಲಿಂಗ್ ಹಾಕುತ್ತಿಲ್ಲ. ಮಗ ಸಿಮ್ಯುಲೇಟರ್ ಸೆಟಪ್ ಮಾಡಿದ್ದಾನೆ. ಸುಮ್ನೆ ಸ್ಟೀರಿಂಗ್ ತಿರುಗಿಸಿದರೆ ತಪ್ಪೇನಿಲ್ಲ ಅಲ್ವಾ?

ಫಿಸಿಯೋ: ತಪ್ಪಿದೆ ಸರ್. ಮಾಮೂಲಿ ಬಗೆಯಲ್ಲಿ ಕೀಲಿನ ಒಳಗೆ ಹೋಗಲು ಸಾಮಾನ್ಯವಾಗಿ ಮುಂದಿನ ಸಬ್‌ಸ್ಕಾಪುಲಾರಿಸ್ ಎಂಬ ಸ್ನಾಯುವನ್ನು ಬಿಡಿಸಿ, ಕೊನೆಗೆ ಮತ್ತೆ ಹೊಲಿಯುತ್ತಾರೆ. ಆ ಹೊಲಿಗೆ ಮೂಳೆಗೆ ಕೂಡಿಕೊಳ್ಳಬೇಕು. ಬಲಗಡೆ ತಿರುವಿಗೆ ನಿಮ್ಮ ಎಡಗೈ ಸ್ಟೀರಿಂಗನ್ನು ಎದೆಯ ಕಡೆಗೆ ದೂಡುತ್ತದೆ ನೋಡಿ, ಆ ಕೆಲಸ ಮಾಡುವುದು ಅದೇ ಸ್ನಾಯು. ಸಿಮ್ಯುಲೇಟರ್ ಸ್ಟೀರಿಂಗ್ ವಾಪಸ್ ಎಳೆಯುತ್ತದೆ, ಹಾಗಾಗಿ ಅದು ಆಟದ ಸಾಮಾನಲ್ಲ. ಹೊಲಿಗೆ ಬಿಟ್ಟುಹೋದರೆ ಮತ್ತೆ ಸರಿಪಡಿಸುವುದು ಕಷ್ಟ. ನೋವು ಕಮ್ಮಿಯಾಯಿತು ಅಂದರೆ ಸವೆದ ಕೀಲು ಹೋಯಿತು ಅಂತ ಅಷ್ಟೇ, ಹೊಲಿಗೆ ಕೂಡಿತು ಅಂತ ಅಲ್ಲ. ಸರ್ಜನ್ ಹೇಳುವವರೆಗೆ ಸ್ಲಿಂಗ್ ಹಾಕಿ. ಕುರ್ಚಿಯಿಂದ ಏಳುವಾಗ ಆ ಕೈ ಊರಬೇಡಿ.

ಕಪ್ಪು ಪೋಲೋ: ಮೇಡಂ, ಕಾರು ಯಾವಾಗ ಓಡಿಸಬಹುದು?

ಫಿಸಿಯೋ: ರಸ್ತೆಯಲ್ಲಾ, ಟ್ರ್ಯಾಕ್‌ನಲ್ಲಾ? ರಸ್ತೆಯಲ್ಲಿ ಸಾಮಾನ್ಯವಾಗಿ 6ರಿಂದ 12 ವಾರದ ನಡುವೆ. ಸ್ಲಿಂಗ್ ಪೂರ್ತಿ ಬಿಟ್ಟಿರಬೇಕು, ನಿದ್ದೆ ಬರಿಸುವ ನೋವಿನ ಮಾತ್ರೆ ನಿಂತಿರಬೇಕು, ಎರಡೂ ಕೈಯಲ್ಲಿ ಗಕ್ಕನೆ ಸ್ಟೀರಿಂಗ್ ತಿರುಗಿಸಲು ಆಗಬೇಕು. ಟ್ರ್ಯಾಕ್‌ಗೆ 6 ತಿಂಗಳಿಗೆ ಮೊದಲು ನಾನು ಯಾರಿಗೂ ಹ್ಞೂಂ ಅಂದಿಲ್ಲ.

ಶ್ರೀಪೆರಂಬುದೂರು ದಾರಿ: ಮೇಡಂ, ನನ್ನದು ಎಡ ಭುಜ, ರಿವರ್ಸ್, 14 ವಾರ. ವಯಸ್ಸು 61. ಹಳೇ ಆಕ್ಸಿಡೆಂಟ್‌ನಲ್ಲಿ ಭುಜದ ಸ್ನಾಯುಗಳು ಹರಿದಿದ್ದವು, ಆಮೇಲೆ ಕೀಲು ಸವೆದಿತ್ತು. ಆಪರೇಷನ್ ಆದ ಮೇಲೆ ಎಲ್ಲ ಚೆನ್ನಾಗಿತ್ತು, ಕೈ ತಲೆಯವರೆಗೆ ಹೋಗುತ್ತಿತ್ತು. ಚೆನ್ನೈ ಟ್ರ್ಯಾಕ್‌ನ ರೌಂಡ್‌ಗೆ ಹೆಸರು ಕೊಟ್ಟಿದ್ದೇನೆ. ಹೋದ ವಾರ ಗ್ಯಾರೇಜಿನಲ್ಲಿ ಬಕೆಟ್ ಸೀಟಿನಲ್ಲಿ ಕೂತು ಹಾರ್ನೆಸ್ (ರೇಸ್ ಕಾರಿನ ಬೆಲ್ಟ್) ಎಳೆದು ನೋಡಿದೆ, ನಾಲ್ಕೈದು ಸಲ ಹತ್ತಿ ಇಳಿದೆ. ಮೂರು ದಿನದಿಂದ ಭುಜದ ನೆತ್ತಿಯಲ್ಲಿ ಬೆರಳಿಟ್ಟರೆ ಚುರುಕ್ ಅನ್ನುತ್ತದೆ. ಕೈ ಎತ್ತಿದರೂ ಅಲ್ಲೇ ನೋವು. ಎಕ್ಸ್‌ರೇ ತೆಗೆಸಿದೆ, ಇಂಪ್ಲಾಂಟ್ ಸರಿಯಾಗಿದೆ ಅಂದರು. ಸ್ನಾಯು ಹಿಡಿದಿರಬೇಕು, ಬಿಸಿ ಶಾಖ ಕೊಡಲಾ?

ಕಾಫಿ ತೋಟ: ಅಣ್ಣ, ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕೆಂಡದ ಮೇಲೆ ಬಾಡಿಸಿ ರಾತ್ರಿ ಕಟ್ಟಿ. ಬೆಳಗ್ಗೆ ನೋವು ಮಾಯ. ನಮ್ಮ ಅಜ್ಜಿ ಕಾಲದಿಂದ ಇದೆ. ಮೆಸೇಜ್ ಪೂರ್ತಿ ಫಾರ್ವರ್ಡ್ ಮಾಡಿದ್ದೇನೆ ನೋಡಿ.

ಫಿಸಿಯೋ: ಎಕ್ಕದ ಎಲೆ ಬೇಡ. ಎಕ್ಕದ ಹಾಲು ಚರ್ಮ ಸುಡುತ್ತದೆ. ಆಪರೇಷನ್ ಗಾಯದ ಹತ್ತಿರ ಬೊಬ್ಬೆ ಎದ್ದರೆ ಸೋಂಕಿಗೆ ದಾರಿ, ಒಳಗೆ ಲೋಹ ಇರುವವರಿಗೆ ಅದು ದೊಡ್ಡ ಅಪಾಯ. ದಯವಿಟ್ಟು ಯಾರೂ ಇದನ್ನು ಮುಂದೆ ಕಳಿಸಬೇಡಿ.

ಶ್ರೀಪೆರಂಬುದೂರು ದಾರಿ ಅವರೇ, ನಿಮ್ಮದು ನನಗೆ ಚಿಂತೆ ತಂದಿದೆ, ಸ್ವಲ್ಪ ಉದ್ದ ಬರೆಯುತ್ತೇನೆ. ಶಾಖ ಬೇಡ, ಮಸಾಜ್ ಬೇಡ, ಇವತ್ತಿನಿಂದಲೇ ಸ್ಲಿಂಗ್ ಹಾಕಿ.

ಭುಜದ ನೆತ್ತಿಯಲ್ಲಿ ಕೈಗೆ ಸಿಗುವ ಚಪ್ಪಟೆ ಮೂಳೆಗೆ ಅಕ್ರೋಮಿಯನ್ ಅನ್ನುತ್ತಾರೆ. ನಿಮ್ಮ ಕೈ ಎತ್ತುವ ಡೆಲ್ಟಾಯ್ಡ್ ಸ್ನಾಯುವಿನ ಒಂದು ಭಾಗ ಅದಕ್ಕೇ ನೇತುಬಿದ್ದಿದೆ. 1985ರಲ್ಲಿ ಫ್ರಾನ್ಸಿನ ಪಾಲ್ ಗ್ರಾಮಾಂಟ್ ಈಗಿನ ರಿವರ್ಸ್ ಭುಜದ ದಾರಿ ಹಾಕಿಕೊಟ್ಟರು. ಅವರ ಉಪಾಯವೇ ತೋಳನ್ನು ಕೆಳಗೆ, ಒಳಗೆ ಸರಿಸಿ ಡೆಲ್ಟಾಯ್ಡನ್ನು ಬಿಗಿ ಮಾಡುವುದು. ಒಳಗಿನ ಸಣ್ಣ ಸ್ನಾಯುಗಳು ಹರಿದುಹೋಗಿದ್ದರೂ ಅದೊಂದೇ ಕೈ ಎತ್ತಲಿ ಅಂತ. ನಿಮ್ಮ ಕೈ ತಲೆಯವರೆಗೆ ಹೋಗುತ್ತಿರುವುದು ಅದರಿಂದಲೇ. ಆದರೆ ಆ ಬಿಗಿಯ ಭಾರವೆಲ್ಲ ತೆಳ್ಳಗಿನ ಆ ಮೂಳೆಯ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಕೆಲಸ ಮಾಡದ ಕೈ ಮೂರನೇ ನಾಲ್ಕನೇ ತಿಂಗಳಲ್ಲಿ ಇದ್ದಕ್ಕಿದ್ದ ಹಾಗೆ ಕೆಲಸ ಶುರು ಮಾಡಿದಾಗ ಕೆಲವರಿಗೆ ಅಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ಚೆನ್ನಾಗಿ ಸುಧಾರಿಸುತ್ತಿದ್ದವರಿಗೇ ಬರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಇಂಪ್ಲಾಂಟ್ ಸರಿಯಾಗಿದೆ ಅಂದದ್ದು ನಿಜವೇ ಇರಬಹುದು, ಅದರ ಮೇಲಿನ ಮೂಳೆಯ ಪ್ರಶ್ನೆ ಬೇರೆ. ಸಿಟಿ ಸ್ಕ್ಯಾನ್ ಬೇಕು. ಸರ್ಜನ್‌ಗೆ ಫೋನ್ ಮಾಡಿ, "ಅಕ್ರೋಮಿಯನ್ ಮೇಲೆ ಒತ್ತಿದರೆ ನೋವು" ಎಂದು ಇದೇ ಮಾತಿನಲ್ಲಿ ಹೇಳಿ.

ಇನ್ನೊಂದು, ನೀವು ಬಕೆಟ್ ಸೀಟಿನಿಂದ ಹೇಗೆ ಎದ್ದಿರಿ? ಕೈ ಹಿಂದೆ ಊರಿ ಮೈ ಎತ್ತಿದಿರಾ? ರಿವರ್ಸ್‌ನಲ್ಲಿ ಕೀಲು ತಪ್ಪುವುದು ಸಾಮಾನ್ಯವಾಗಿ ಅದೇ ಭಂಗಿಯಲ್ಲಿ: ಕೈ ಹಿಂದಕ್ಕೆ, ಮೈಗೆ ಒತ್ತಿಕೊಂಡು, ಒಳಗೆ ತಿರುಗಿ. ಅಂಗಿ ಹಿಂದೆ ಸಿಕ್ಕಿಸುವ ಹಾಗೆ. ಬೆನ್ನ ಹಿಂದೆ ಬಿದ್ದ ಹಾರ್ನೆಸ್ ಪಟ್ಟಿಗೆ ಕೈ ಹಾಕಿ ಹುಡುಕುವುದೂ ಅದೇ.

ಶ್ರೀಪೆರಂಬುದೂರು ದಾರಿ: ಹೌದು ಮೇಡಂ, ಕೈ ಹಿಂದೆ ಊರಿಯೇ ಎದ್ದೆ. ರೋಲ್ ಕೇಜ್ ಕಂಬಿಗಳು ಅಡ್ಡ ಇರುತ್ತವಲ್ಲ, ಬೇರೆ ದಾರಿ ಇಲ್ಲ. ಸ್ಕ್ಯಾನ್‌ಗೆ ನಾಳೆ ಹೋಗುತ್ತೇನೆ. ಭುಜದೊಳಗೆ ಲೋಹ ಇದ್ದರೆ ಸ್ಕ್ಯಾನ್ ಆಗುವುದಿಲ್ಲ ಅಂತ ಒಂದು ಮೆಸೇಜ್ ಬಂದಿತ್ತು.

ಫಿಸಿಯೋ: ಸುಳ್ಳು. ಆಗುತ್ತದೆ. ಹೋಗಿ.

ಜಿಪ್ಸಿ, ಸಕಲೇಶಪುರ: ಹಾನ್ಸ್ (ಕುತ್ತಿಗೆ ಕಾಯಲು ಹೆಗಲ ಮೇಲೆ ಕೂರಿಸಿ ಹೆಲ್ಮೆಟ್‌ಗೆ ಕಟ್ಟುವ ಸಾಧನ) ಹಾಕಿಕೊಂಡರೆ ಪಟ್ಟಿ ಭುಜದ ಮೂಳೆಗೆ ತಾಗುವುದೇ ಇಲ್ಲ. ಆ ಪಟ್ಟಿ ಸ್ವಲ್ಪ ಸಡಿಲ ಬಿಟ್ಟರೂ ಆಯಿತು. ಇಷ್ಟಕ್ಕೆ ಯಾಕೆ ಹೆದರಿಸುತ್ತೀರಿ?

ಹಳೇ ಎಸ್ಟೀಮ್, ಮೈಸೂರು: ಸಡಿಲ ಬಿಡಿ ಅಂತ ಹೇಳಬೇಡಿ ಗುರುಗಳೇ. ಹಾರ್ನೆಸ್ ಸಡಿಲ ಇದ್ದರೆ ಹಾನ್ಸ್ ಕೆಲಸವೇ ಮಾಡುವುದಿಲ್ಲ. ಆ ಪಟ್ಟಿಗಳೇ ಅದನ್ನು ಮೈಗೆ ಹಿಡಿದಿಡುವುದು.

ಜಿಪ್ಸಿ, ಸಕಲೇಶಪುರ: ನಾನು 22 ವರ್ಷದಿಂದ ರ‍್ಯಾಲಿ ಓಡಿಸುತ್ತಿದ್ದೇನೆ. ನೀವು ಎಷ್ಟು ವರ್ಷ?

ಹಳೇ ಎಸ್ಟೀಮ್, ಮೈಸೂರು: ವರ್ಷದ ಲೆಕ್ಕ ಯಾಕೆ? ಫಾರ್ಮುಲಾ ಒನ್‌ನಲ್ಲಿ 2003ರಿಂದ ಹಾನ್ಸ್ ಕಡ್ಡಾಯ. ಅಲ್ಲಿ ಯಾರಾದರೂ ಪಟ್ಟಿ ಸಡಿಲ ಬಿಡುತ್ತಾರಾ?

ಜಿಪ್ಸಿ, ಸಕಲೇಶಪುರ: ಅವರದ್ದು ಬೇರೆ ವೇಗ, ನಮ್ಮದು ಬೇರೆ. ಸುಮ್ನೆ ಓದಿಕೊಂಡು ಬಂದು ಪಾಠ ಮಾಡಬೇಡಿ.

ಕಪ್ಪು ಪೋಲೋ: ಇಬ್ಬರೂ ಸ್ವಲ್ಪ ನಿಲ್ಲಿಸಿ, ಮೇಡಂ ಮಾತಾಡಲಿ.

ಫಿಸಿಯೋ: ಸಡಿಲ ಹಾರ್ನೆಸ್ ಅಂದರೆ ಗುದ್ದಿದಾಗ ಮೈ ಮೊದಲು ಮುಂದೆ ಹಾರಿ ಆಮೇಲೆ ಪಟ್ಟಿಗೆ ಬಡಿಯುತ್ತದೆ. ಹೊಸ ಭುಜಕ್ಕೆ ಅದು ಇನ್ನೂ ಕೆಟ್ಟದ್ದು. ಬಿಗಿ ಹಾರ್ನೆಸ್ ತಡೆಯದ ಭುಜ ಟ್ರ್ಯಾಕ್‌ಗೆ ತಯಾರಾಗಿಲ್ಲ. ಮಧ್ಯದ ದಾರಿ ಇಲ್ಲ.

ಬೆಳಗಾವಿ ಕಾರ್ಟಿಂಗ್: ಇನ್ಶೂರೆನ್ಸ್‌ನಲ್ಲಿ ಭುಜದ ಆಪರೇಷನ್ ಕವರ್ ಆಗುತ್ತಾ? ರೇಸಿಂಗ್ ಅಂದರೆ ಕೊಡುವುದಿಲ್ಲ ಅನ್ನುತ್ತಾರೆ.

ಟೊರಾಂಟೊ ಕನ್ನಡಿಗ: ಎಡ ಭುಜ, ರಿವರ್ಸ್, 8 ವಾರ. ರಸ್ತೆಯಲ್ಲಿ ಓಡಿಸಲು ಸರ್ಜನ್ ಒಪ್ಪಿದ್ದಾರೆ. ಬೆಲ್ಟ್ ಸರಿಯಾಗಿ ಗಾಯದ ಮೇಲೆ ಬರುತ್ತದೆ. ಕಂಕುಳ ಕೆಳಗೆ ಹಾಕಿಕೊಳ್ಳಲಾ?

ಫಿಸಿಯೋ: ಖಂಡಿತಾ ಬೇಡ, ಪಕ್ಕೆಲುಬು ಮುರಿಯುತ್ತದೆ. ಬೆಲ್ಟ್ ಅದರ ಜಾಗದಲ್ಲೇ ಇರಲಿ, ಒಳಗೆ ಮೆತ್ತನೆಯ ಅಂಗಿ ಹಾಕಿ. ಬಲಗೈಯಿಂದ ಎಳೆದು ಹಾಕಿಕೊಳ್ಳಿ, ಎಡಗೈ ಹಿಂದಕ್ಕೆ ಚಾಚಬೇಡಿ. ಇದು ನಮ್ಮ ಊರಿನವರಿಗೂ ಉಪಯೋಗಕ್ಕೆ ಬರುತ್ತದೆ: ನಮ್ಮಲ್ಲಿ ಡ್ರೈವರ್‌ಗೆ ಬೆಲ್ಟ್ ಬಲ ಭುಜದ ಮೇಲೆ ಬರುತ್ತದೆ, ಪಕ್ಕದ ಸೀಟಿನವರಿಗೆ ಎಡ ಭುಜದ ಮೇಲೆ. ಎಡ ಭುಜದ ಆಪರೇಷನ್ ಆಗಿದ್ದರೆ ಮೊದಲ ಕೆಲವು ವಾರ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಪ್ರಯಾಣ ಮಾಡಿ.

ಹಾಸನ ಸ್ವಿಫ್ಟ್: ಕಾರು ಯಾವಾಗ ಓಡಿಸಬಹುದು ಮೇಡಂ?

ಫಿಸಿಯೋ: ಮೇಲೆ ಬರೆದಿದ್ದೇನೆ.

ಕೊಯಮತ್ತೂರು ಎಲ್‌ಜಿಬಿ: ಬಲ ಭುಜ, ಮಾಮೂಲಿ, 7 ತಿಂಗಳು. ನಮ್ಮ ಫಾರ್ಮುಲಾ ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ. ಟ್ರ್ಯಾಕ್ ಅಂಚಿನ ಕರ್ಬ್ ಹತ್ತಿದರೆ ಸ್ಟೀರಿಂಗ್ ಕೈಗೆ ಬಡಿಯುತ್ತದೆ. ಏನು ನೋಡಿಕೊಳ್ಳಬೇಕು?

ಫಿಸಿಯೋ: ಒಳ್ಳೆಯ ಪ್ರಶ್ನೆ. ಲ್ಯಾಪ್ ಟೈಮ್‌ಗಿಂತ ಮೊದಲು ಕಾರಿನಿಂದ ಹೊರಗೆ ಬರುವುದನ್ನು ಪರೀಕ್ಷೆ ಮಾಡಿ. ಸೂಟ್, ಹೆಲ್ಮೆಟ್, ಹಾನ್ಸ್ ಎಲ್ಲ ಹಾಕಿ, ಹಾರ್ನೆಸ್ ಬಿಗಿ ಮಾಡಿ, ನಿಂತ ಕಾರಿನಲ್ಲಿ, ಪಕ್ಕದಲ್ಲಿ ಒಬ್ಬರು ಇರುವಾಗ. ಯಾರ ಸಹಾಯವೂ ಇಲ್ಲದೆ ಬೇಗ ಆಚೆ ಬರಲು ಆಗದಿದ್ದರೆ, ಬೆಂಕಿ ಬಿದ್ದ ದಿನವೂ ಆಗುವುದಿಲ್ಲ. ಆಮೇಲೆ ಚಿಕ್ಕ ಸ್ಟಿಂಟ್ (ಒಂದು ಸಲಕ್ಕೆ ಕೆಲವೇ ಲ್ಯಾಪ್), ಮಧ್ಯೆ ಬಿಡುವು. ಕರ್ಬ್ ಮುಟ್ಟದ ಲೈನ್ ಹಿಡಿಯಿರಿ. ಹೆಬ್ಬೆರಳು ಸ್ಟೀರಿಂಗ್ ಒಳಗೆ ಸಿಕ್ಕಿಸಬೇಡಿ. ಲೈಸನ್ಸ್‌ಗೆ ಕೊಡುವ ವೈದ್ಯರ ಸರ್ಟಿಫಿಕೇಟ್‌ನಲ್ಲಿ ಆಪರೇಷನ್ ವಿಷಯ ಮುಚ್ಚಿಡಬೇಡಿ.

ತುಮಕೂರು ಬೊಲೆರೊ: ಬಲ ಭುಜ, ಮಾಮೂಲಿ, 5 ತಿಂಗಳು. ಮೊದಲು ಚೆನ್ನಾಗಿತ್ತು. ಎರಡು ತಿಂಗಳಿಂದ ಮತ್ತೆ ಬಿಗಿ, ರಾತ್ರಿ ನೋವು. ಜ್ವರ ಇಲ್ಲ, ಗಾಯ ಒಣಗಿದೆ. ವ್ಯಾಯಾಮ ಜಾಸ್ತಿ ಮಾಡಬೇಕಾ?

ಫಿಸಿಯೋ: ವ್ಯಾಯಾಮ ನಿಲ್ಲಿಸಿ, ಸರ್ಜನ್‌ಗೆ ತೋರಿಸಿ. ಭುಜದ ಚರ್ಮದಲ್ಲಿ ಇರುವ ಕ್ಯುಟಿಬ್ಯಾಕ್ಟೀರಿಯಂ ಎಂಬ ಕ್ರಿಮಿ ಜ್ವರ, ಕೀವು ಏನೂ ತೋರಿಸದೆ ನಿಧಾನವಾಗಿ ಬೆಳೆಯಬಲ್ಲದು. ಲ್ಯಾಬಿನಲ್ಲಿ ಅದು ಬೆಳೆಯಲು ಎರಡು ವಾರ ಕಾಯಬೇಕು, ಮೂರೇ ದಿನಕ್ಕೆ ಏನೂ ಇಲ್ಲ ಅಂದರೆ ಒಪ್ಪಬೇಡಿ. ಅದಕ್ಕೆ ಮೊದಲು ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ನುಂಗಬೇಡಿ, ಪರೀಕ್ಷೆ ಕೆಡುತ್ತದೆ. ಸೋಂಕು ಅಲ್ಲದೆಯೂ ಇರಬಹುದು, ಆದರೆ ಮೊದಲು ಅದಲ್ಲ ಅಂತ ಖಚಿತವಾಗಬೇಕು.

ಕಾಫಿ ತೋಟ: ಅರಿಶಿನ ಹಾಲು ಯಾವ ಕ್ರಿಮಿಯನ್ನೂ ಕೊಲ್ಲುತ್ತದೆ. ಡಾಕ್ಟರ್‌ಗಳು ಹೇಳುವುದಿಲ್ಲ, ಯಾಕೆ ಅಂತ ಎಲ್ಲರಿಗೂ ಗೊತ್ತು.

ಫಿಸಿಯೋ: ಸರ್, ಈ ಸೋಂಕಿಗೆ ತಡ ಮಾಡಿದವರ ಇಂಪ್ಲಾಂಟ್ ತೆಗೆದು ಮತ್ತೆ ಹಾಕುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಲು ಕುಡಿಯಿರಿ, ಬೇಡ ಅನ್ನುವುದಿಲ್ಲ. ಅದನ್ನು ನಂಬಿ ಸರ್ಜನ್ ಹತ್ತಿರ ಹೋಗುವುದನ್ನು ಮುಂದೂಡಿ ಅಂತ ಇನ್ನೊಬ್ಬರಿಗೆ ಹೇಳಬೇಡಿ. ಎರಡನೇ ಸಲ ಹೇಳುತ್ತಿದ್ದೇನೆ.

ಕಾಫಿ ತೋಟ: ಒಳ್ಳೆಯದಕ್ಕೆ ಹೇಳಿದರೂ ಬೈಸಿಕೊಳ್ಳಬೇಕು.

ಜಿಪ್ಸಿ, ಸಕಲೇಶಪುರ: ಬಿಡಿ ಅಣ್ಣ, ಇಲ್ಲಿ ಅನುಭವಕ್ಕೆ ಬೆಲೆ ಇಲ್ಲ.

ಹಳೇ ಎಸ್ಟೀಮ್, ಮೈಸೂರು: ಅನುಭವ ಇದ್ದರೆ ಒಳ್ಳೆಯದೇ. ಇನ್ನೊಬ್ಬರ ಮೂಳೆಯ ಮೇಲೆ ಪ್ರಯೋಗ ಮಾಡಬೇಡಿ.

ಅಡ್ಮಿನ್: ಇಲ್ಲಿಗೆ ಸಾಕು. ಇನ್ನು ಫಾರ್ವರ್ಡ್ ಬಂದರೆ ಅಳಿಸುತ್ತೇನೆ.

ಬೆಳಗಾವಿ ಕಾರ್ಟಿಂಗ್: ಇನ್ಶೂರೆನ್ಸ್ ಬಗ್ಗೆ ಯಾರಾದರೂ ಹೇಳಿ.

ಶ್ರೀಪೆರಂಬುದೂರು ದಾರಿ: (ಮೂರನೇ ದಿನ) ಮೇಡಂ, ಸಿಟಿ ಆಯಿತು. ಅಕ್ರೋಮಿಯನ್‌ನಲ್ಲಿ ಬಿರುಕು ಇದೆ, ಆದರೆ ಜಾಗ ಬಿಟ್ಟು ಸರಿದಿಲ್ಲ. ಆರು ವಾರ ಸ್ಲಿಂಗ್ ಅಂದಿದ್ದಾರೆ, ಆಪರೇಷನ್ ಸದ್ಯಕ್ಕೆ ಬೇಡವಂತೆ. ಬಿಸಿ ಶಾಖ ಕೊಟ್ಟು ವ್ಯಾಯಾಮ ಮುಂದುವರಿಸುವವನಿದ್ದೆ.

ಫಿಸಿಯೋ: ಸರಿದಿಲ್ಲ ಅನ್ನುವುದು ಸಮಾಧಾನದ ವಿಷಯ. ಈಗ ಸ್ಲಿಂಗನ್ನು ರಾತ್ರಿಯೂ ಬಿಚ್ಚಬೇಡಿ. ಬೆರಳು, ಮಣಿಕಟ್ಟು, ಮೊಣಕೈ ಆಡಿಸುತ್ತಿರಿ, ಭುಜ ಮಾತ್ರ ಬೇಡ. ಮೂಳೆಯ ಸಾಂದ್ರತೆ, ವಿಟಮಿನ್ ಡಿ ಪರೀಕ್ಷೆ ಆಗಿದೆಯಾ? ಆಗಿಲ್ಲದಿದ್ದರೆ ಸರ್ಜನ್‌ಗೆ ಕೇಳಿ. ಮೂಳೆ ಸವೆದಿದ್ದರೆ ಅದಕ್ಕೂ ಚಿಕಿತ್ಸೆ ಬೇಕು, ಇಲ್ಲದಿದ್ದರೆ ಇದು ಕೂಡಿದರೂ ಮತ್ತೆ ಬಿಡಬಹುದು. ಆರು ವಾರ ಆದ ಮೇಲೆ ನೋವಿಲ್ಲ ಅಂತ ನೀವೇ ಶುರು ಮಾಡಬೇಡಿ, ಮೊದಲು ನನಗೆ ಬರೆಯಿರಿ.

ಶ್ರೀಪೆರಂಬುದೂರು ದಾರಿ: ಆಗಲಿ ಮೇಡಂ. ರೌಂಡ್‌ನಿಂದ ಹೆಸರು ವಾಪಸ್ ತೆಗೆದುಕೊಂಡೆ. ಕಾರನ್ನು ತಮ್ಮನ ಮಗಳು ಓಡಿಸುತ್ತಾಳೆ. ಮನೆಯಲ್ಲಿ ಕೂರಲು ಮನಸ್ಸಿಲ್ಲ. ಮಾರ್ಷಲ್ ಆಗಿ ಹೋಗಲಾ? ಬಲಗೈಯಲ್ಲಿ ಫ್ಲ್ಯಾಗ್ ಹಿಡಿಯಬಹುದಲ್ವಾ?

ಫಿಸಿಯೋ: ಬೇಡ. ಮಾರ್ಷಲ್ ಅಂದರೆ ಓಡಬೇಕು, ಕಾರು ತಳ್ಳಬೇಕು, ಬ್ಯಾರಿಯರ್ ಹಾರಬೇಕು. ಪಿಟ್‌ನಲ್ಲಿ ಕುರ್ಚಿ ಹಾಕಿಸಿಕೊಂಡು ಅವಳ ಲ್ಯಾಪ್ ಟೈಮ್ ಬರೆದುಕೊಳ್ಳಿ. ಚೆನ್ನೈಗೆ ಹೋಗುವಾಗ ಡ್ರೈವರ್ ಹಿಂದಿನ ಸೀಟು, ನೆನಪಿರಲಿ.