ಪಾಲಿಪ್ ತೆಗೆಯುವಾಗ ನೋವಾಗುತ್ತಾ ಡಾಕ್ಟ್ರೇ?

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆ, ಇಂಡಿ ಹತ್ತಿರದ ಹಳ್ಳಿ. ಗುದದ್ವಾರದಿಂದ ಕ್ಯಾಮೆರಾ ಕೊಳವೆ (ಸ್ಕೋಪ್) ಹಾಕಿ ನೋಡುವ ಕೊಲೊನೋಸ್ಕೋಪಿ ಮಾಡಿದಾಗ ಅಪ್ಪನ ದೊಡ್ಡ ಕರುಳಿನಲ್ಲಿ 15 ಮಿಲಿಮೀಟರ್ ಪಾಲಿಪ್, ಅಂದರೆ ಒಳಗೋಡೆಯಲ್ಲಿ ಬೆಳೆದ ಗಂಟು, ಕಂಡಿದೆ. ಹೊಟ್ಟೆ ಸ್ವಚ್ಛ ಆಗಿಲ್ಲ ಅಂತ ಅವತ್ತು ತೆಗೆಯಲಿಲ್ಲ. ಮುಂದಿನ ವಾರ ಮತ್ತೆ ಕರೆದಿದ್ದಾರೆ. ‘ಬರೀ ನೋಡೋಕೇ ಇಷ್ಟು ನೋವು, ಇನ್ನು ಕತ್ತರಿಸಿದರೆ ಏನು ಗತಿ’ ಅಂತ ಅಪ್ಪ ಹಟ ಹಿಡಿದಿದ್ದಾರೆ.

ಉತ್ತರ: ಕತ್ತರಿಸುವುದು ಅವರಿಗೆ ಗೊತ್ತೇ ಆಗುವುದಿಲ್ಲ. ಕರುಳಿನ ಒಳಪದರಕ್ಕೆ ಚರ್ಮದ ಹಾಗೆ ಕೊಯ್ದ ನೋವು ತಿಳಿಯುವುದಿಲ್ಲ. ಪಾಲಿಪ್ ಬುಡಕ್ಕೆ ತಂತಿಯ ಕುಣಿಕೆ ಹಾಕಿ ಬಿಗಿದು ತೆಗೆಯುತ್ತಾರೆ, ಅಷ್ಟೇ. ನೋವು ಬರುವುದು ಕರುಳು ಉಬ್ಬಿದಾಗ, ಜಗ್ಗಿದಾಗ. ದಾರಿ ಕಾಣಲಿ ಅಂತ ಒಳಗೆ ಗಾಳಿ ತುಂಬುತ್ತಾರೆ, ತಿರುವುಗಳಲ್ಲಿ ಸ್ಕೋಪ್ ಸುತ್ತಿಕೊಳ್ಳುತ್ತದೆ. ಅಪ್ಪ ಹೋದ ಸಲ ಒದ್ದಾಡಿದ್ದೂ ಬಹುಶಃ ಇದಕ್ಕೇ. ಗಾಳಿ ಬದಲು ಕಾರ್ಬನ್ ಡೈ ಆಕ್ಸೈಡ್ ಬಳಸುತ್ತೀರಾ ಅಂತ ಮೊದಲೇ ಕೇಳಿ. ಕರುಳು ಅದನ್ನು ಬೇಗ ಹೀರಿಕೊಳ್ಳುತ್ತದೆ, ಉಸಿರಿನಲ್ಲಿ ಹೊರಹೋಗುತ್ತದೆ. ಆಮೇಲಿನ ಹೊಟ್ಟೆ ಉಬ್ಬರ ಕಮ್ಮಿ. ಮಿಡಜೋಲಾಮ್, ಫೆಂಟಾನಿಲ್‌ನಂಥ ಇಂಜೆಕ್ಷನ್ ಕೊಟ್ಟರೆ ಮಂಪರು ಬರುತ್ತದೆ. ಎಚ್ಚರವಿದ್ದು ನೋವಾದರೆ ಸುಮ್ನೆ ಹಲ್ಲು ಕಚ್ಚಿಕೊಂಡು ಇರಬಾರದು, ಹೇಳಬೇಕು. ಮಗ್ಗುಲು ಬದಲಿಸಿದರೆ, ನರ್ಸ್ ಹೊಟ್ಟೆ ಒತ್ತಿ ಹಿಡಿದರೆ ಎಷ್ಟೋ ಹಗುರಾಗುತ್ತದೆ. ಇನ್ನೊಂದು ಮಾತು, ನಮ್ಮ ಹಿರಿಯರಿಗೆ ಹೂಸು ಬಿಡಲು ಭಾರಿ ನಾಚಿಕೆ. ತಡೆದಷ್ಟೂ ಹೊಟ್ಟೆನೋವು ಜಾಸ್ತಿ. ಅಲ್ಲಿ ಯಾರೂ ನಗುವುದಿಲ್ಲ, ಬಿಡಲಿ.

ಪ್ರಶ್ನೆ: ಹೊಟ್ಟೆ ಯಾಕೆ ಸ್ವಚ್ಛ ಆಗಿರಲಿಲ್ಲ? ಔಷಧಿ ಪೂರ್ತಿ ಕುಡಿದಿದ್ದರು.

ಉತ್ತರ: ಹಿಂದಿನ ದಿನಗಳಲ್ಲಿ ಏನು ಉಂಡಿದ್ದರು? ಜೋಳದ ರೊಟ್ಟಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಅಲ್ವಾ? ಆ ಸಣ್ಣ ಬೀಜಗಳು ಕರುಳಿಗೆ ಅಂಟಿ ಕೂರುತ್ತವೆ, ಸ್ಕೋಪಿನ ನಳಿಕೆಗೂ ಸಿಕ್ಕಿಕೊಳ್ಳುತ್ತವೆ. ಮೂರು ದಿನ ಅವು ಬೇಡ, ದಾಳಿಂಬೆ, ಪೇರಲವೂ ಬೇಡ. ಬಿಳಿ ಅನ್ನ, ಮೊಸರು ಸಾಕು. ಹಿಂದಿನ ದಿನ ಡಾಕ್ಟರ್ ಹೇಳಿದ ಹಾಗೆ ತಿಳಿ ನೀರಿನ ಪದಾರ್ಥ ಮಾತ್ರ. ಔಷಧಿಯನ್ನು ಅರ್ಧ ಹಿಂದಿನ ಸಂಜೆ, ಉಳಿದರ್ಧ ಅವತ್ತು ನಸುಕಿನಲ್ಲಿ ಕುಡಿದರೆ ಕರುಳು ಚೆನ್ನಾಗಿ ತೊಳೆಯುತ್ತದೆ. ಸರಿಯಾದ ಹೊತ್ತು ಆಸ್ಪತ್ರೆಯಲ್ಲೇ ಕೇಳಿ. ಔಷಧಿ ತಣ್ಣಗೆ ಮಾಡಿ, ಸೋಸಿದ ಲಿಂಬೆರಸ ಹಿಂಡಿದರೆ ವಾಕರಿಕೆ ಕಮ್ಮಿ.

ಪ್ರಶ್ನೆ: ಹೃದಯದ ಮಾತ್ರೆ ನಡೀತಿದೆ. ಆಮೇಲೆ ಪಂಢರಪುರಕ್ಕೂ ಹೋಗಬೇಕು ಅಂತಿದ್ದಾರೆ.

ಉತ್ತರ: ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಇವತ್ತೇ ಡಾಕ್ಟರಿಗೆ ಚೀಟಿ ತೋರಿಸಿ, ನೀವೇ ನಿಲ್ಲಿಸಬೇಡಿ. ಮಂಪರು ಕೊಟ್ಟ ದಿನ ಬೈಕ್ ಓಡಿಸುವುದು ಬೇಡ, ಬಸ್ಸಿನಲ್ಲೂ ಜೊತೆಗೊಬ್ಬರು ಇರಲಿ. ಇಷ್ಟು ದೊಡ್ಡ ಪಾಲಿಪ್ ತೆಗೆದ ಮೇಲೆ ಎರಡು ವಾರದವರೆಗೂ ರಕ್ತ ಬರುವ ಸಾಧ್ಯತೆ ಇರುತ್ತದೆ. ಪಂಢರಪುರ ಅದಾದ ಮೇಲೆ. ಹೊಟ್ಟೆ ಗಟ್ಟಿಯಾಗಿ ನೋವು ಏರಿದರೆ, ಜ್ವರ ಬಂದರೆ, ರಕ್ತ ಗಡ್ಡೆಗಡ್ಡೆಯಾಗಿ ಹೋದರೆ ರಾತ್ರಿಯಾದರೂ ಸರಿ, ನೇರ ಆಸ್ಪತ್ರೆಗೆ.